ಜೌಗಿನ ಮೇಲೊಂದು ಸೈಟು

ದೋಣಿಗೆ ಕಾಲಿಟ್ಟ ಮೊದಲ ದಿನವೇ ಕಾಂಪೌಂಡರ್ ಮಂಡಿಯುದ್ದ ನೀರಿಗೆ ಬಿದ್ದ. ದೋಣಿ ನಡೆಸುವವಳಿಗೆ ನಗು ತಡೆಯಲಾಗಲಿಲ್ಲ.

“ಔಷಧಿ ಕೊಡೋರಿಗೆ ಈಜು ಬರಲ್ವಾ?”

“ನಕ್ಕಿದ್ದು ಮುಗಿದಿದ್ರೆ ಕೈ ಕೊಡಿ, ಕ್ಯಾಪ್ಟನ್!”

ಆ ಹೆಸರು ಅವಳಿಗೆ ಅಂಟಿಕೊಂಡಿತು. ಆಚೆ ದಡದ ಕ್ಲಿನಿಕ್ಕಿಗೆ ಅವನು ದಿನಾ ಅವಳ ದೋಣಿಯಲ್ಲೇ ಹೋಗುತ್ತಿದ್ದ. ಜೊಂಡಿನ ನಡುವೆ ಅವಳು ಬೇಕೆಂದೇ ನಿಧಾನ ಮಾಡುತ್ತಿದ್ದಳು. ಅವನು ನೀರುಕೋಳಿಗಳನ್ನು ನೋಡುವವನಂತೆ ಮುಖ ತಿರುಗಿಸುತ್ತಿದ್ದ, ಕಣ್ಣು ಮಾತ್ರ ಕದ್ದು ಅವಳತ್ತಲೇ ಬರುತ್ತಿತ್ತು. ಬೆನ್ನು ಹಾಕಿ ನಿಂತಿದ್ದರೂ ಅವಳಿಗದು ತಿಳಿಯುತ್ತಿತ್ತು.

ಅವಳ ಅಜ್ಜನ ಕಾಲಕ್ಕೆ ಆ ಜೌಗು ಕಣ್ಣು ಹಾಯುವಷ್ಟು ದೂರ ಇತ್ತಂತೆ. ಅಪ್ಪನ ಕಾಲಕ್ಕೆ ಅಂಚಿನವರು ಕಾಲುವೆ ತೋಡಿ, ನೀರು ಬಸಿದು, ಹೊಲ ಮಾಡಿಕೊಂಡರು. ಬೇಸಿಗೆ ಬಂದಾಗಲೆಲ್ಲ ಉಳುಮೆ ಒಂದಿಷ್ಟು ಒಳಕ್ಕೆ ಬಂತು. ಈಗ ಹೊಲಗಳೂ ಸೈಟುಗಳಾಗಿ, ಉಳಿದ ನೀರಿಗೆ ಲಾರಿಗಳು ಮಣ್ಣು ಸುರಿಯತೊಡಗಿದವು. ಜೌಗಿನ ಮೇಲೇ ರಸ್ತೆ ಬಂತು.

ಒಂದು ಬೆಳಿಗ್ಗೆ ದೋಣಿ ಕದಲಲೇ ಇಲ್ಲ. ಕಾಂಪೌಂಡರ್ ಪ್ಯಾಂಟು ಮಡಚಿ ಕೆಸರಿಗಿಳಿದು ತಳ್ಳಿದ. ಅವಳೂ ಇಳಿದು ತಳ್ಳಿದಳು. ಆಮೇಲೆ ಅಲ್ಲೇ ಮುಖ ಮುಚ್ಚಿಕೊಂಡು ಕೂತುಬಿಟ್ಟಳು.

“ಅಳಬೇಡ ಕ್ಯಾಪ್ಟನ್. ಭಾನುವಾರ ನಿಂಗೇನೋ ತೋರಿಸ್ತೀನಿ.”

ಅವನು ‘ನೀನು’ ಎಂದದ್ದು ಅದೇ ಮೊದಲು. ಅಳುವಿನ ನಡುವೆಯೂ ಅವಳು ಬೆರಳ ಸಂದಿಯಿಂದ ಅವನನ್ನು ನೋಡಿದಳು.

ಭಾನುವಾರ ಬೈಕು ಹೊಸ ಮಣ್ಣಿನ ಮೇಲೆ ನಿಂತಿತು. ಅವನು ಮಗುವಿನಂತೆ ಓಡಾಡಿ, ಮಣ್ಣಿನಲ್ಲಿ ಕೈಯಿಂದ ಗೆರೆ ಎಳೆದು ತೋರಿಸಿದ. “ಇದು ಹಾಲ್. ಇಲ್ಲಿ ಅಡುಗೆಮನೆ. ಆ ಮೂಲೇಲಿ ಅಮ್ಮನ ರೂಮು, ಹಾಸಿಗೆ ಹಿಡಿದಾಗಿಂದ ಕಿಟಕಿ ಇರೋ ರೂಮು ಬೇಕು ಅಂತಿದ್ರು. ನಿನ್ನ ಕೇಳದೇ ಸೈಟು ಬುಕ್ ಮಾಡ್ಬಿಟ್ಟೆ. ನಮಗೆ ಅಂತ.”

ಅವಳಿಗೆ ಕಾಲಡಿಯ ಜಾಗದ ಗುರುತು ಸಿಕ್ಕಿತು.

“ಇಲ್ಲಿ ನೀರುಕೋಳಿ ಮೊಟ್ಟೆ ಇಟ್ಟಿತ್ತು,” ಎಂದಳು. “ಅದಕ್ಕೇ ಸುತ್ತು ಬಳಸಿ ಬರ್ತಿದ್ದೆ. ಯಾಕೆ ಲೇಟು ಅಂತ ನೀವು ರೇಗಿಸ್ತಿದ್ರಿ.”

ಅವನ ಮುಖ ಬಾಡಿತು. “ಕೋಪಾನಾ?”

“ಕೋಪ ಬಂದಿದ್ರೆ ಸುಲಭ ಇತ್ತು. ನಿಮ್ಮ ಮೇಲೆ ಪ್ರಾಣಾನೇ ಇಟ್ಕೊಂಡಿದೀನಿ. ಆದ್ರೆ ಈ ಮಣ್ಣಿನ ಮೇಲೆ ನಂಗೆ ನಿದ್ದೆ ಬರಲ್ಲ. ಸೋದರಮಾವ ಹೊಳೆ ಹತ್ರ ದೋಣಿ ಇಟ್ಟಿದಾರೆ, ಕರೀತಿದಾರೆ. ನೀವೂ ಬರ್ತೀರಾ?”

ಅವನು ಬಾಯಿ ತೆರೆದ. ಕಣ್ಣು ಅಮ್ಮನ ರೂಮು ಎಂದು ತೋರಿಸಿದ್ದ ಮೂಲೆಗೆ ಹೋಗಿ ಅಲ್ಲೇ ನಿಂತಿತು.

“ಬೇಡ ಬಿಡಿ,” ಎಂದಳು ಮೆತ್ತಗೆ. ಮಣ್ಣು ಮೆತ್ತಿದ್ದ ಅವನ ಅಂಗೈಯನ್ನು ಸೆರಗಿನಿಂದ ಒರೆಸಿದಳು. “ಅಮ್ಮಂಗೆ ದೊಡ್ಡ ಕಿಟಕಿ ಇಡ್ಸಿ.”

ಅವಳು ಹೊರಟ ದಿನ ಅವನು ಅವಳ ಬ್ಯಾಗು ಹೊತ್ತು ಬಸ್ಸಿನವರೆಗೂ ಬಂದ. ಬಸ್ಸು ಹೊಸ ರಸ್ತೆಗೆ ಇಳಿದಾಗ, ಆಚೆ ದಡ ಬರುವವರೆಗೂ ಅವನನ್ನು ನೋಡುತ್ತಿರೋಣವೆಂದು ಅವಳು ಕಿಟಕಿಯಿಂದ ತಲೆ ಹೊರಹಾಕಿದಳು. ಕಣ್ಣೊರೆಸಿಕೊಳ್ಳುವಷ್ಟರಲ್ಲಿ ಆಚೆ ದಡ ಬಂದುಬಿಟ್ಟಿತ್ತು.