ಹೊಣೆಹಣದ ನಿಯಮ

ಆ ಭಾನುವಾರ ಚೈತ್ರಶ್ರೀ ಎಲ್ಲರೆದುರು ನಿಯಮ ತಿದ್ದದೆ ಇದ್ದಿದ್ದರೆ ಯತೀಶ ಬಹುಶಃ ಆಟದಲ್ಲಿ ಶ್ರೀಮಂತನಾಗಿಯೇ ತೃಪ್ತನಾಗಿರುತ್ತಿದ್ದ.

ಶಿಕಾರಿಪುರದಲ್ಲಿ ಅವಳ ಟ್ಯೂಷನ್ ಕೋಣೆಯ ಮೇಜಿನ ಸುತ್ತ ವಾರಕ್ಕೊಮ್ಮೆ ಐದಾರು ಮಂದಿ ಕೂರುತ್ತಿದ್ದರು. ಆಟ ಅವಳೇ ಕಟ್ಟಿದ್ದು. ಹಿಂದಿನ ಕಾಲದ ಕುಬಟೂರಿನ ಪೇಟೆ, ಒಬ್ಬೊಬ್ಬರಿಗೂ ಒಂದೊಂದು ಪಾತ್ರ; ಮಾತಿನಲ್ಲೇ ಪಯಣ, ದಾಳದಲ್ಲಿ ಅದೃಷ್ಟ. ಕತೆ ನಡೆಸುವವಳೂ ತೀರ್ಪು ಹೇಳುವವಳೂ ಚೈತ್ರಶ್ರೀ. ಉಳಿದವರು ದಾರಿಗಳ್ಳರೊಡನೆ ಕಾದಾಡುತ್ತಿದ್ದರೆ ಯತೀಶ, ಅಂದರೆ ಅವನ ಪಾತ್ರವಾದ ಕುರಿ ವ್ಯಾಪಾರಿ, ನಿಯಮಗಳನ್ನು ಓದುತ್ತಿದ್ದ. ವರ್ತಕರ ಸಂಘಕ್ಕೆ ಮೊದಲೇ ಒಂದಿಷ್ಟು ಹೊಣೆಹಣ ಕಟ್ಟಿದ್ದರೆ, ದಾರಿಯಲ್ಲಿ ಹಾಳಾದ ಸರಕಿಗೆ ಸಂಘ ಪೂರ್ತಿ ಬೆಲೆ ಕೊಡಬೇಕಿತ್ತು. ಅವನು ಮುದಿ ಕುರಿಗಳನ್ನು ಅಗ್ಗಕ್ಕೆ ಕೊಂಡು, ಒಳ್ಳೆಯವೆಂದು ಹೊಣೆಹಣ ಕಟ್ಟಿ, ಬೇಕೆಂದೇ ತೋಳಗಳಿರುವ ದಾರಿ ಹಿಡಿದ. ಕೆಲವೇ ವಾರಗಳಲ್ಲಿ ಸಂಘದ ಬೊಕ್ಕಸ ಅವನ ಚೀಲ ಸೇರಿತು.

"ಯತೀಶಣ್ಣ, ಇವತ್ತಿಂದ ಸಂಘ ಅರ್ಧ ಬೆಲೆ ಅಷ್ಟೇ ಕೊಡೋದು," ಎಂದಳು ಚೈತ್ರಶ್ರೀ.

"ನಿಯಮದಲ್ಲಿ ಇರೋದನ್ನೇ ನಾನು ಮಾಡಿದ್ದು."

"ಹೌದ್ರೀ. ಆದ್ರೆ ನಿಮಗೆ ಸೋಲೋ ಭಯಾನೇ ಇಲ್ಲ ಅಂದ್ಮೇಲೆ ಉಳಿದವ್ರು ಯಾಕೆ ಆಡ್ಬೇಕು? ನಿಮ್ಮ ತಲೆ ಓಡೋದೇ ಕದಿಯೋದ್ರಲ್ಲಿ ಬಿಡಿ."

ಅವಳು ನಗುತ್ತಲೇ ಹೇಳಿದಳು. ಎಲ್ಲರೂ ನಕ್ಕರು. ಯತೀಶನೂ ನಕ್ಕ. ಆದರೆ ಬೈಕಿನಲ್ಲಿ ತೊಗರ್ಸಿಗೆ ಮರಳುವಾಗ ಆ ನಗು ಅವನನ್ನು ಬಿಡಲಿಲ್ಲ. ಎದುರಿನವನ ಜಾಣತನ ತಾಳಲಾರದೆ ನಿಯಮವನ್ನೇ ತಿದ್ದುವುದು ಎಂಥ ಗೆಲುವು? ಹೊರಗಿನ ಜಗತ್ತಿನಲ್ಲಿ ನಿಯಮ ಬರೆದವರು ಮೇಜಿನ ಆಚೆ ಕೂತಿರುವುದಿಲ್ಲ. ನಡುವೆ ಕೈಹಾಕಿ ತಿದ್ದುವುದೂ ಇಲ್ಲ.

ಮನೆಯಲ್ಲಿ ಒಳ್ಳೆಯ ತಳಿಯ ನಾಲ್ಕು ಹೆಣ್ಣು ಕುರಿಗಳಿದ್ದವು. ಅವುಗಳ ಮೇವು, ನೀರು, ಮದ್ದು ಎಲ್ಲ ಹೆಂಡತಿ ಸಂಗೀತಳ ಪಾಲಿಗೆ. ವಿಮೆ ಮಾಡಿಸಿದ್ದು ಮಾತ್ರ ಯತೀಶ. ವಿಮೆಯ ಷರತ್ತುಗಳನ್ನು ಅವನು ಆಟದ ನಿಯಮಗಳಂತೆಯೇ ಬಿಡಿಸಿ ಓದಿದ. ಕಂಪನಿಗೆ ಬೇಕಾದದ್ದು ಕಿವಿಯ ಹಳದಿ ಬಿಲ್ಲೆ, ಬಣ್ಣ, ವಯಸ್ಸು, ಪಶುವೈದ್ಯರ ಸಹಿ. ಅಷ್ಟೇ.

ಅವನು ಅವಸರ ಮಾಡಲಿಲ್ಲ. ಸೊರಬದ ಕಡೆ ಸುತ್ತಾಡಿ, ಅದೇ ಬಣ್ಣದ, ಹಲ್ಲು ನೋಡಿದರೆ ಅದೇ ವಯಸ್ಸಿನ, ಕಾಯಿಲೆ ಬಿದ್ದು ಅಗ್ಗವಾಗಿದ್ದ ನಾಲ್ಕು ಕುರಿಗಳನ್ನು ಕೊಂಡ. ಗುಡವಿಯಲ್ಲಿ ಪರಿಚಯದವರ ಕೊಟ್ಟಿಗೆಯಲ್ಲಿ ಕಟ್ಟಿ ಮೈ ತುಂಬುವವರೆಗೆ ಮೇಯಿಸಿದ. ಬಿಲ್ಲೆಯ ತೂತು ಹಸಿಯಾಗಿದ್ದರೆ ಅನುಮಾನ ಹುಟ್ಟುತ್ತದೆಂದು ಮೊದಲೇ ಕಿವಿ ಚುಚ್ಚಿ, ಗಾಯ ಮಾಯುವವರೆಗೆ ಕಾದ. ಸಾವಿಗೂ ಸಹಜವಾದ ದಾರಿಯೇ ಸಿಕ್ಕಿತು. ಅವನ ಹೊಲದಲ್ಲಿ ಕೊಯ್ದ ಜೋಳದ ಕೂಳೆ ಮತ್ತೆ ಚಿಗುರಿತ್ತು. ಆ ಎಳೆ ಚಿಗುರು ಕುರಿಗೆ ವಿಷವೆಂದು ಊರಿಗೆಲ್ಲ ಗೊತ್ತು. ಕಣ್ತಪ್ಪಿ ಕುರಿ ನುಗ್ಗುವುದೂ ಹೊಸದಲ್ಲ.

ತಂಗಿಯ ಸೀಮಂತಕ್ಕೆ ಸಂಗೀತ ಕುಬಟೂರಿನ ತವರಿಗೆ ಹೊರಟ ದಿನವನ್ನೇ ಅವನು ಆರಿಸಿಕೊಂಡ. ಅವಳು ಕಂಡರೆ ಗುರುತು ಹಿಡಿಯುತ್ತಾಳೆ. ತಿರುಗಿ ಬರುವಷ್ಟರಲ್ಲಿ ಎಲ್ಲವೂ ಮಣ್ಣಾಗಿರಬೇಕು.

"ಹೊತ್ತು ಮಾಡ್ಬ್ಯಾಡ್ರಿ, ಮಧ್ಯಾಹ್ನಕ್ಕೇ ಕುರಿ ಹೊಡ್ಕೊಂಡು ಬಂದ್ಬಿಡ್ರಿ," ಎಂದು ಬಸ್ಸು ಹತ್ತುವಾಗ ಅವಳು ಹೇಳಿದಳು.

ಅವನು ತಲೆಯಾಡಿಸಿದ.

ಒಳ್ಳೆಯ ಕುರಿಗಳು ಬಿಲ್ಲೆ ಕಳಚಿಕೊಂಡು ಹಾವೇರಿ ಕಡೆಯ ವ್ಯಾಪಾರಿಯ ಗಾಡಿ ಹತ್ತಿದವು. ಗುಡವಿಯಿಂದ ತಂದವು ಬಿಲ್ಲೆ ಹಾಕಿಸಿಕೊಂಡು ಜೋಳಕ್ಕೆ ಇಳಿದವು. ಮೂರು ತಲೆ ತಗ್ಗಿಸಿ ಮೇಯತೊಡಗಿದವು. ನಾಲ್ಕನೆಯದು ಮಾತ್ರ ತಿರುಗಿ ಬಂದು ಅವನ ಕಾಲಿಗೆ ಒತ್ತಿ ನಿಂತಿತು. ಇಷ್ಟು ದಿನ ಮೇವು ಹಾಕಿದ್ದು ಅವನೇ. ಅವನು ಅದನ್ನು ತಳ್ಳಿದ. ಅದು ಮತ್ತೆ ಬಂತು. ಆಟದ ಮೇಜಿನ ಮೇಲೆ ಇಂಥದ್ದಕ್ಕೆ ಒಂದು ದಾಳ ಉರುಳಿಸಿದರೆ ಮುಗಿಯುತ್ತಿತ್ತು. ಕೊನೆಗೆ ಅವನೇ ಚಿಗುರು ಕಿತ್ತು ಅದರ ಬಾಯಿಗಿಟ್ಟ. ಅದು ನಂಬಿ ತಿಂದಿತು. ಆಮೇಲೆ ಅವನು ಬೆನ್ನು ಮಾಡಿ ಕೂತ; ಸದ್ದು ಮಾತ್ರ ಕೇಳಿಸುತ್ತಿತ್ತು.

ಹೆಣಗಳನ್ನು ಟ್ರ್ಯಾಕ್ಟರಿನಲ್ಲಿ ತಂದು ಅಂಗಳದಲ್ಲಿ ಇಳಿಸಿದಾಗ ಪಶುವೈದ್ಯ ನಾಗೇಶ ಬಂದರು. ಬಿಲ್ಲೆ ನೋಡಿದರು, ಹಲ್ಲು ನೋಡಿದರು, ಒಂದರ ಹೊಟ್ಟೆ ಕೊಯ್ದು ಹಸಿರು ಚಿಗುರು ನೋಡಿದರು.

"ಎಳೇ ಜೋಳ ತಿಂದಾವೆ. ಯಾರೇನು ಮಾಡೋಕಾಗುತ್ತೆ ಬಿಡ್ರೀ," ಎಂದು ಜೇಬಿನಿಂದ ಪೆನ್ನು ತೆಗೆದರು.

ಯತೀಶ ಹೆಣಗಳತ್ತ ನೋಡದೆ ಗೋಡೆಗೆ ಮುಖ ಮಾಡಿ ನಿಂತಿದ್ದ. ಅದೂ ಒಳ್ಳೆಯದೇ, ದುಃಖವೆಂದುಕೊಂಡಾರು. ಕೊರತೆ ಇದ್ದದ್ದು ಒಂದೇ. ಇಷ್ಟು ಚೆಂದದ ಆಟವನ್ನು ಚೈತ್ರಶ್ರೀಗೆ ಎಂದೂ ಹೇಳುವಂತಿರಲಿಲ್ಲ.

ಅಷ್ಟರಲ್ಲಿ ಕೊಟ್ಟಿಗೆಯ ಹಿಂದಿನಿಂದ ಕೇಳುತ್ತಿದ್ದ ಮರಿಗಳ ಕೂಗು ಜೋರಾಯಿತು. ಪಕ್ಕದ ಮನೆಯ ಬಸವಣ್ಣೆಮ್ಮ, "ಹಸಿದಾವೆ ಪಾಪ. ಕಡೇ ಸಲ ತಾಯಿ ಮುಖ ನೋಡ್ಲಿ," ಎನ್ನುತ್ತ ಬಿದಿರ ತಟ್ಟಿ ಸರಿಸಿದಳು. ಎಳೆಯ ಮರಿಗಳು ಹಾರಿ ಹೊರಬಂದವು. ವಿಮೆ ಮಾಡಿಸಿದ ಮೇಲೆ ಹುಟ್ಟಿದವು. ಅವುಗಳ ಕಿವಿಗೆ ಬಿಲ್ಲೆಯಿರಲಿಲ್ಲ, ಹಾಗಾಗಿ ಯತೀಶನ ಲೆಕ್ಕದಲ್ಲಿ ಅವು ಎಲ್ಲೂ ಬಂದಿರಲಿಲ್ಲ. ಮರಿಗಳು ಹೆಣಗಳತ್ತ ಓಡಿ ಒಂದೊಂದನ್ನೂ ಮೂಸಿದವು, ಮುಖ ತಿರುಗಿಸಿದವು, ದಾಟಿ ಹೋಗಿ ರಸ್ತೆಯ ಕಡೆ ನೋಡುತ್ತ ಕೂಗತೊಡಗಿದವು. ನಾಗೇಶ ಬರೆಯುವುದನ್ನು ನಿಲ್ಲಿಸಿದರು. ಬಾಗಿ ಒಂದು ಕುರಿಯ ಕೆಚ್ಚಲು ಹಿಂಡಿದರು, ಆಮೇಲೆ ಪಕ್ಕದ್ದರದು. ಹನಿ ಹಾಲೂ ಬರಲಿಲ್ಲ. "ಯತೀಶ," ಎಂದರು ತಲೆ ಎತ್ತದೆಯೇ, "ಈ ಮರಿಗಳ ತಾಯಂದಿರು ಎಲ್ಲಿದ್ದಾವ್ರೀ?"