ಮುಳ್ಳುತಂತಿಯ ಮೇಲಿನ ಮುತ್ತುಗಳು

ಬೀಸುವ ಗಾಳಿಗೂ ಸತ್ತವರ ಹೆಸರು ನೆನಪಿದ್ದ ಕಾಲದಲ್ಲಿ, ಕರಗಂದ ಎಂಬ ದೂರದ ಸೀಮೆಯ ಹುಲ್ಲುಗಾವಲಿನ ಅಂಚಿನಲ್ಲಿ ರೌಶಾನ್ ಎಂಬ ಹುಡುಗಿಯಿದ್ದಳಂತೆ. ಪ್ರಕಾಶನವೊಂದರಲ್ಲಿ ಪುಸ್ತಕಗಳ ಬರವಣಿಗೆಯನ್ನು ತೂಗಿ ನೋಡಿ ತೀರ್ಪು ಹೇಳುವುದು ಅವಳ ಕೆಲಸ. ಹಿಂದೆ ಆ ಸೀಮೆಯಲ್ಲಿದ್ದ ಸೆರೆ ಶಿಬಿರಗಳ ಚರಿತ್ರೆ ಬರೆಯುತ್ತಿದ್ದ ತಲ್ಗಾತನಿಗೆ ಅವಳು ಮಾತು ಕೊಟ್ಟಿದ್ದಳು: ಕೊನೆಯ ಪುಟದವರೆಗೂ ಓದಿ, ಪ್ರೀತಿಯನ್ನು ಪಕ್ಕಕ್ಕಿಟ್ಟು, ನಿಜವನ್ನೇ ಹೇಳುತ್ತೇನೆ. ಪುಸ್ತಕ ಅಚ್ಚಿಗೆ ಹೋದ ಮೇಲೆ ಮದುವೆ ಎಂದು ಇಬ್ಬರೂ ಮಾತಾಡಿಕೊಂಡಿದ್ದರು.

ಹೇಳುವ ದಿನ ಬಂತು. ತಲ್ಗಾತ್ ತನ್ನ ಮನೆಯಲ್ಲಿ ಅವಳ ಬಟ್ಟಲಿಗೆ ಅರ್ಧವೇ ಚಹಾ ಬಗ್ಗಿಸಿದ. ಅವರ ಕಡೆ ಅರ್ಧವೆಂದರೆ ಇನ್ನೂ ಕೂತಿರು, ಮತ್ತೆ ಮತ್ತೆ ಚಹಾ ಕೇಳು ಎಂದರ್ಥ. ಕೊಡುವಾಗ ಬೇಕೆಂದೇ ಬೆರಳು ತಾಗಿಸಿ, ರೆಪ್ಪೆಯಡಿಯಿಂದ ಅವಳನ್ನೇ ನೋಡಿದ.

“ಏನಪ್ಪಣೆ, ಜಡ್ಜಮ್ಮೋರೆ?”

“ಮೊದ್ಲು ಆ ಕಣ್ಣು ಬೇರೆ ಕಡೆ ಇಡು. ಹೀಗ್ ನೋಡ್ತಿದ್ರೆ ತೀರ್ಪು ಹೇಗ್ ಕೊಡ್ಲಿ?”

“ಲಂಚ ಅಂದ್ಕೋ.”

ಅವಳು ನಕ್ಕಳು. ಆಮೇಲೆ ಬಟ್ಟಲು ಕೆಳಗಿಟ್ಟಳು.

“ತುಂಬಾ ಚೆಂದ ಬರ್ದಿದೀಯ, ತಲ್ಗಾತ್. ಅದೇ ತಪ್ಪಾಗಿರೋದು.”

“ಅಂದ್ರೆ?”

“ಮುಳ್ಳುತಂತಿ ಮೇಲೆ ಬೆಳದಿಂಗಳು ಮುತ್ತು ಪೋಣಿಸಿತ್ತು ಅಂತ ಬರ್ದಿದೀಯ. ನಮ್ಮಜ್ಜಿ ಆ ತಂತಿ ಒಳಗೇ ಇದ್ದೋಳು. ಲೋಕದ ಕಥೆಯೆಲ್ಲ ಹೇಳಿದ್ಲು, ಅಲ್ಲಿನ ಚಂದ್ರನ ಕಥೆ ಮಾತ್ರ ಹೇಳ್ಲಿಲ್ಲ. ಹಸಿದು ನೆಲದಲ್ಲಿ ಆಲೂಗಡ್ಡೆ ಸಿಪ್ಪೆ ಹುಡುಕೋರು ತಲೆ ಎತ್ತಲ್ವಂತೆ.”

ಅವನ ಮುಖ ಬಿಳಿಚಿತು. “ಕಥೆ ಥರ ಇದ್ರೆ ನಿಂಗಿಷ್ಟ ಅಲ್ವಾ? ಒಂದೊಂದ್ ಸಾಲೂ ನಿನ್ನ ನೆನೆಸ್ಕೊಂಡೇ ಬರ್ದೆ ಕಣೇ.”

“ಗೊತ್ತು. ಪುಟ ತಿರುವಿದಲ್ಲೆಲ್ಲ ನಾನೇ ಸಿಕ್ಕಿದೆ. ಸತ್ತೋರು ಸಿಗ್ಲಿಲ್ಲ.”

ತಲ್ಗಾತ್ ಕೆಟಲ್ ಎತ್ತಿ ಅವಳ ಬಟ್ಟಲನ್ನು ಅಂಚಿನವರೆಗೂ ತುಂಬಿಸಿದ. ಎದ್ದು ಹೋಗು ಎಂದು ಬಾಯಿಬಿಟ್ಟು ಹೇಳುವ ಒರಟುತನ ಆ ಜನರಲ್ಲಿಲ್ಲ. ತುಂಬಿದ ಬಟ್ಟಲೇ ಹೇಳುತ್ತದೆ.

ಇನ್ನು ಈ ಹೊಸ್ತಿಲು ತನ್ನದಲ್ಲವೆಂದು ರೌಶಾನಳಿಗೆ ತಿಳಿಯಿತು. ಆದರೂ ಏಳಲಿಲ್ಲ. ತುಟಿ ಸುಡುತ್ತಿದ್ದರೂ ಒಂದೊಂದೇ ಗುಟುಕು ಕುಡಿಯುತ್ತ ಕೂತಳು.

“ಕೊನೇ ಪುಟದ ಮಾತು ಹೇಳೋದು ಬಾಕಿ ಇದೆ. ಮಕ್ಕಳ ಸಮಾಧಿದು. ‘ನೆಲ ಹೆಪ್ಪುಗಟ್ಟಿತ್ತು. ಹೂಳಲು ವಸಂತದವರೆಗೆ ಕಾದರು.’ ಅಷ್ಟೇ ಬರ್ದಿದೀಯ. ಅದನ್ನ ಓದಿ ಅಳು ತಡೆಯೋಕಾಗ್ಲಿಲ್ಲ. ಅಲ್ಲೊಂದ್ ಕಡೆ ನೀನು ನನ್ನ ಮರ್ತಿದ್ದೆ.”

“ರೌಶಾನ್, ಸಾಕು…”

“ಆ ಒಂದು ಪುಟ ಇಟ್ಕೊಂಡು ಉಳಿದಿದ್ದೆಲ್ಲ ಮತ್ತೆ ಬರಿ. ಬರೆಯೋವಾಗ ನಾನು ಹತ್ರ ಇರಬಾರ್ದು. ಮನಸ್ಸಲ್ಲೂ.”

ಅವನು ಅವಳತ್ತ ನೋಡದೆ ಕೇಳಿದ: “ಹೇಳಿ ಆಯ್ತಾ?”

“ಆಯ್ತು.” ಖಾಲಿ ಬಟ್ಟಲು ಕೆಳಗಿಟ್ಟು ಅವಳು ಹೊಸ್ತಿಲು ದಾಟಿ ಹೋದಳು.