ಜೆರೇನಿಯಂ ಹೇಗಿದೆ?

ಮಧ್ಯಾಹ್ನ ಕರೆಂಟು ಬಂದ ಹಾಗೆ ಮಾಡಿ ಮತ್ತೆ ಹೋಯಿತು. ಆ ಚೂರು ಹೊತ್ತಿನಲ್ಲೇ ಒರೀಸ್ಯಾಳ ಫೋನಿಗೆ ಎರಡು ಮೆಸೇಜ್ ಬಂದು ಬಿದ್ದವು.

‘ಜೆರೇನಿಯಂ ಹೇಗಿದೆ?’

ಇದು ದಿನಾ ಬರುವಂಥದ್ದೇ. ಅದರ ಕೆಳಗಿನದು ಹೊಸದು.

‘ಇವತ್ತು ಕೀವ್‌ಗೆ ಬರ್ತಿದ್ದೀನಿ. ಸಂಜೆ ರೈಲಿಗೆ ಲ್ವಿವ್‌ಗೆ, ಅಮ್ಮನ ಹತ್ರ. ಗಿಡ ತಗೊಂಡು ಹೋಗ್ತೀನಿ.’

ಆ ಜೆರೇನಿಯಂ ಸತ್ತು ತಿಂಗಳ ಮೇಲಾಗಿತ್ತು.

“ಯಾಕೇ, ಹಿಂಗೆ ಬಿಳಿಚಿಕೊಂಡೆ?” ಒಲೆಯ ಪಕ್ಕ ಕೂತು ಆಲೂಗಡ್ಡೆ ಹೆರೆಯುತ್ತಿದ್ದ ಸ್ತೇಫಾ ಆಂಟಿ ತುಪ್ಪಳದ ಟೋಪಿ ಮೇಲೆ ಸರಿಸಿ ನೋಡಿದಳು. “ನಿನ್ನ ಲೈನ್‌ಮನ್ನಾ?”

“ನನ್ನ ಲೈನ್‌ಮನ್ ಏನಲ್ಲ.”

“ಅಲ್ಲಪ್ಪ, ಯಾರಂದ್ರು! ದಿನಾ ಬರೀ ಗಿಡ ವಿಚಾರಿಸೋಕೆ ಮೆಸೇಜ್ ಮಾಡ್ತಾನೆ. ನಮ್ಮೆಜಮಾನ್ರು ಬದುಕಿರೋವರೆಗೂ ನಾನು ಹೇಗಿದ್ದೀನಿ ಅಂತಾನೂ ಕೇಳಲಿಲ್ಲ.”

“ಒಂದು ಸಲಾನಾದ್ರೂ ಥ್ಯಾಂಕ್ಸ್ ಅಂದಿದಾನಾ ಆಂಟಿ?”

“ಗಿಡ ನೋಡ್ಕೊಂಡಿದ್ದಕ್ಕೆ, ಗಿಡ ಕೊಟ್ಟಿದ್ದಕ್ಕೆ ಥ್ಯಾಂಕ್ಸ್ ಹೇಳಿದ್ರೆ ಅದು ಒಣಗುತ್ತೆ ಕಣೇ. ಅಷ್ಟೂ ಗೊತ್ತಿಲ್ವಾ ನಿಂಗೆ?”

ಯುದ್ಧ ಶುರುವಾದ ಮೇಲೆ ಕಟ್ಟಡದ ಅರ್ಧ ಜನ ಬಾಗಿಲು ಹಾಕಿ ಹೋಗಿದ್ದರು. ಹೋಗುವಾಗ ಎಲ್ಲರೂ ಒರೀಸ್ಯಾಳ ಕೈಗೆ ಬೀಗದ ಕೈ ಕೊಟ್ಟು, ಗಿಡಗಳಿಗೆ ನೀರು ಹಾಕ್ತಿರಮ್ಮ ಎಂದಿದ್ದರು. ಮನೆಗಳನ್ನು ಬೆಚ್ಚಗಿಡುವ ಬಿಸಿನೀರಿನ ಪೈಪುಗಳು ತಣ್ಣಗಾದ ದಿನ ಅವಳು ಆ ಮನೆಗಳಿಗೆಲ್ಲ ಓಡಾಡಿ, ಕುಂಡಗಳನ್ನು ಹೊತ್ತು ತಂದು ತನ್ನ ಅಡುಗೆಮನೆಯಲ್ಲಿ ತುಂಬಿದಳು. ಗ್ಯಾಸ್ ಒಲೆಯೊಂದು ಮಾತ್ರ ಉರಿಯುತ್ತಿತ್ತು. ಕಿಟಕಿಗೆ ರಟ್ಟು, ಬಾಗಿಲಿಗೆ ರಜಾಯಿ, ಕುಂಡಗಳ ನಡುವೆ ಬಿಸಿನೀರಿನ ಬಾಟಲಿ. ಮೇಜಿನ ಮೇಲಿಂದ ಹೊದಿಕೆ ಇಳಿಬಿಟ್ಟು ಮಾಡಿದ ಗುಡಾರದೊಳಗೆ ನಾಜೂಕಿನ ಗಿಡಗಳು. ಅಲ್ಲೇ ಮೂಲೆಯಲ್ಲಿ ಜಾಮ್ ಬಾಟಲಿ ಬೋರಲು ಹಾಕಿ ಮುಚ್ಚಿದ ಒಂದು ಲೋಟವಿತ್ತು. ಅದನ್ನು ಮಾತ್ರ ಸ್ತೇಫಾ ಆಂಟಿಯೂ ಮುಟ್ಟುವ ಹಾಗಿರಲಿಲ್ಲ.

ಜೆರೇನಿಯಂ ಒಂದೇ ಹಿಂದೆ ಉಳಿದದ್ದು. ಅದು ಚಳಿ ತಡೆಯುವ ಗಿಡ, ಅಜ್ಜಿಯರೆಲ್ಲ ಚಳಿಗಾಲದಲ್ಲಿ ಅದನ್ನು ತಣ್ಣನೆ ಕಿಟಕಿಯಲ್ಲೇ ಇಡುತ್ತಾರೆ. ಕೊನೆಗೆ ತಂದರಾಯಿತು ಅಂದುಕೊಂಡಳು. ಆದರೆ ಅದೇ ಬೆಳಿಗ್ಗೆ ಅದಕ್ಕೆ ಹೊಟ್ಟೆ ತುಂಬ ನೀರು ಹಾಕಿದ್ದಳು. ಮರುದಿನ ಹೋಗಿ ನೋಡಿದರೆ ಮಣ್ಣು ಕಲ್ಲಿನಂತೆ ಹೆಪ್ಪುಗಟ್ಟಿತ್ತು, ಎಲೆಗಳು ಬೇಯಿಸಿದ ಸೊಪ್ಪಿನ ಹಾಗೆ ಜೋತುಬಿದ್ದಿದ್ದವು.

ಬೇರೆ ಗಿಡವಾಗಿದ್ದರೆ ಅತ್ತು ಸುಮ್ಮನಾಗುತ್ತಿದ್ದಳು. ಆದರೆ ಇದು ಆ ಲೈನ್‌ಮನ್ ದೆಮ್ಯಾನನದು. ಪೂರ್ವದ ಕಡೆ ಅವನ ಮನೆ, ಬೀದಿ, ಊರು ಯಾವುದೂ ಈಗಿಲ್ಲ. ಅಲ್ಲಿಂದ ಈಚೆ ಬಂದದ್ದು ಅವನು, ಅವನ ಅಮ್ಮ, ಒಂದು ಬಕೆಟ್ಟಿನಲ್ಲಿ ಈ ಜೆರೇನಿಯಂ. ಆ ಬಕೆಟ್ಟು ತಬ್ಬಿಕೊಂಡು ಈ ಕಟ್ಟಡದ ಮೆಟ್ಟಿಲು ಹತ್ತುತ್ತಿದ್ದ ಎತ್ತರದ ಗಂಡಸನ್ನು ಒರೀಸ್ಯಾ ನೋಡಿದ್ದು ಅದೊಂದೇ ಸಲ. ಅಂದು ಅವನು ಎಲೆಗಳ ಮರೆಯಿಂದ ಇಣುಕಿ, “ದಾರಿ ಬಿಡ್ತೀರಾ? ಹಿರಿಯರು ಬರ್ತಿದ್ದಾರೆ” ಎಂದು ಗಿಡದ ಕಡೆ ಕಣ್ಣು ತೋರಿಸಿ ನಕ್ಕಿದ್ದ. ಆಮೇಲೆ ತಂತಿ ತುಂಡಾದಲ್ಲೆಲ್ಲ ಅವನ ಕೆಲಸ, ಊರೂರು ಸುತ್ತಾಟ. ಅಮ್ಮ ಬೀಗದ ಕೈ ಒರೀಸ್ಯಾಳಿಗೆ ಕೊಟ್ಟು ಲ್ವಿವ್‌ನ ಮಗಳ ಮನೆ ಸೇರಿದರು. ಉಳಿದದ್ದು ಆ ನಗು, ದಿನಕ್ಕೊಂದು ಮೆಸೇಜ್.

ಆ ಮೆಸೇಜ್ ನಿಂತುಹೋದರೆ ತನ್ನ ಚಳಿಗಾಲ ಹೇಗೆ ಕಳೆದೀತು ಎಂಬ ಭಯಕ್ಕೆ ಅವಳು ಹಳೆಯ ಫೋಟೋಗಳನ್ನು ಕಳಿಸುತ್ತ ಬಂದಿದ್ದಳು.

ಈಗ ಕೋಟು ಸಿಕ್ಕಿಸಿಕೊಂಡು ಸಂತೆಗೆ ಓಡಿದಳು. ಜನರೇಟರುಗಳ ಗದ್ದಲದ ನಡುವೆ ಒಬ್ಬಳ ಹತ್ತಿರ ಜೆರೇನಿಯಂ ಸಿಕ್ಕಿತು. ಅದೇ ತೆಳು ಗುಲಾಬಿ ಹೂ. ಪೇಪರಿನಲ್ಲಿ ಸುತ್ತಿ, ಎದೆಗವಚಿಕೊಂಡು ತಂದು, ಅವನ ಮನೆಯ ಬೀಗ ತೆಗೆದು, ಕಿಟಕಿಯಲ್ಲಿದ್ದ ಹಳೇ ಕುಂಡದಲ್ಲಿ ನೆಟ್ಟಳು. ಮಣ್ಣಾದ ಉಗುರುಗಳನ್ನು ಇನ್ನೂ ಒರೆಸಿಕೊಳ್ಳುತ್ತಿದ್ದಾಗಲೇ ಮೆಟ್ಟಿಲ ಮೇಲೆ ಭಾರವಾದ ಬೂಟಿನ ಸದ್ದು ಕೇಳಿತು.

ದೆಮ್ಯಾನ್ ಬಾಗಿಲಲ್ಲಿ ನಿಂತ. ಹುಬ್ಬಿನ ಮೇಲೆ ಹಿಮ, ತುಟಿ ಒಡೆದಿತ್ತು. ಅವಳನ್ನು ಟೋಪಿಯಿಂದ ಬೂಟಿನ ತನಕ ನೋಡಿದ, ಅವನ ನೋಟ ಮತ್ತೆ ಮೇಲಕ್ಕೆ ಬಂತು.

“ಫೋಟೋದಲ್ಲಿ ನಿಮ್ಮ ಹೆಬ್ಬೆರಳು ಮಾತ್ರ ಬರ್ತಿತ್ತು” ಎಂದ. “ಉಳಿದದ್ದೂ ಇದೆ ಅಂತ ಈಗ ಗೊತ್ತಾಯ್ತು.”

ಅವಳಿಗೆ ನಗಲೂ ಆಗಲಿಲ್ಲ. “ಅಲ್ಲಿದೆ ನಿಮ್ಮ ಗಿಡ.”

ಅವನು ಕೈಗವಸು ಕಳಚಿ ಕಿಟಕಿಯ ಹತ್ತಿರ ಹೋದ. ಒಂದು ಎಲೆಯನ್ನು ಎರಡು ಬೆರಳಲ್ಲಿ ಮೆಲ್ಲಗೆ ಉಜ್ಜಿ ಮೂಸಿದ. ಒರೀಸ್ಯಾಳಿಗೆ ಆಗ ನೆನಪಾಯಿತು. ಇವರ ಜೆರೇನಿಯಂ ಎಲೆಗೆ ಹುಳಿ ಸೇಬಿನ ಪರಿಮಳ! ಸಂತೆಯ ಗಿಡಕ್ಕೆ ಅದೆಲ್ಲಿಂದ ಬರಬೇಕು?

ಅವನು ತಿರುಗಿದಾಗ ಮುಖದಲ್ಲಿ ಏನೂ ತೋರಲಿಲ್ಲ.

“ಚೆನ್ನಾಗಿ ನೋಡ್ಕೊಂಡಿದ್ದೀರಿ. ಸುತ್ತಿ ಕೊಡ್ತೀರಾ? ಅಮ್ಮನ ಕಣ್ಣು ಪೂರ್ತಿ ಮಂಜಾಗಿದೆ. ಮುಟ್ಟಿ, ಮೂಸಿ ನೋಡ್ಬೇಕು ಅಂತ ಕಾಯ್ತಿದ್ದಾರೆ.”

ಸುತ್ತಿ ಕೊಟ್ಟರೆ ಮುಗಿಯಿತು. ಅವನಾಗಿ ಕೇಳುವುದಿಲ್ಲ ಎಂಬುದು ಅವಳಿಗೆ ಸ್ಪಷ್ಟವಾಯಿತು. ಪೇಪರು ಕೈಗೆತ್ತಿಕೊಂಡಳು. ಆ ತಾಯಿಯ ಬೆರಳು ಎಲೆ ಉಜ್ಜುವುದು ಕಣ್ಣಿಗೆ ಕಟ್ಟಿತು. ಪೇಪರು ಕೆಳಗಿಟ್ಟಳು.

“ಇದು ನಿಮ್ಮದಲ್ಲ. ನಿಮ್ಮದು ಸತ್ತುಹೋಯ್ತು. ನೀರು ಹಾಕಿ ಚಳೀಲಿ ಬಿಟ್ಟು ಬಂದವಳು ನಾನೇ. ಆಮೇಲೆ ಕಳಿಸಿದ್ದೆಲ್ಲ ಹಳೇ ಫೋಟೋ. ದಿನಾ ಸುಳ್ಳು ಹೇಳಿದ್ದೀನಿ ನಿಮಗೆ.” ಕುಂಡವನ್ನು ಪಕ್ಕಕ್ಕೆ ಸರಿಸಿದಳು. “ಬೈದುಬಿಡಿ. ಸುಮ್ನೆ ನಿಲ್ಬೇಡಿ.”

“ಗೊತ್ತಿತ್ತು” ಎಂದ ದೆಮ್ಯಾನ್.

“ಏನು?”

“ಜನವರಿ ಫೋಟೋದಲ್ಲಿ ಕಿಟಕಿಯಾಚೆ ಮರದ ತುಂಬ ಹಸಿರೆಲೆ. ಕಂಬದ ಮೇಲೆ ಕೂತು ನೋಡ್ತಿದ್ದೆ, ನನ್ನ ಮೀಸೆ ಮೇಲೆ ಐಸಿತ್ತು.”

ಒರೀಸ್ಯಾಳಿಗೆ ನಾಚಿಕೆಯ ಜೊತೆ ಸಿಟ್ಟೂ ಬಂತು. “ಗೊತ್ತಿದ್ದೂ ದಿನಾ ಜೆರೇನಿಯಂ ಹೇಗಿದೆ, ಹೇಗಿದೆ ಅಂತ ಕೇಳಿ ನನ್ನ ಜೀವ ತೆಗೆದ್ರಾ? ನಿದ್ದೆ ಬರ್ತಿರ್ಲಿಲ್ಲ ನಂಗೆ!”

“ಮತ್ತೇನು ಕೇಳಲಿ? ಗಿಡ ಸತ್ತಿದೆ ಅಂತ ಒಪ್ಕೊಂಡ್ರೆ ನಿಮಗೆ ಮೆಸೇಜ್ ಮಾಡೋಕೆ ಇನ್ಯಾವ ನೆಪ ಇತ್ತು ನಂಗೆ?”

ಕೋಣೆಯಲ್ಲಿ ಇಬ್ಬರ ಉಸಿರೂ ಬೆಳ್ಳಗೆ ಕಾಣುತ್ತಿತ್ತು. ಅವನು ಕಣ್ಣು ತಗ್ಗಿಸಿದ. ಅಷ್ಟು ದೊಡ್ಡ ಗಂಡಸಿನ ಕಿವಿ ಕೆಂಪಾಗುವುದನ್ನು ಅವಳು ನೋಡಿದಳು. ಅವನನ್ನು ಪ್ರೀತಿಸುತ್ತಿದ್ದೇನೆ ಎಂದು ಮನಸ್ಸಿನಲ್ಲೇ, ಸ್ಪಷ್ಟವಾಗಿ ಹೇಳಿಕೊಂಡಳು.

“ಆದ್ರೂ ಅಮ್ಮನಿಗೆ ಏನು ಹೇಳೋದು ತಿಳೀತಿಲ್ಲ” ಎಂದ, ದನಿ ಇಳಿಸಿ. “ಮನೆಯದು ಅಂತ ಇದ್ದಿದ್ದು ಅದೊಂದೇ.”

“ಬನ್ನಿ ನನ್ನ ಜೊತೆ. ಇನ್ನೊಂದು ತಪ್ಪು ಒಪ್ಕೊಳ್ಳೋದಿದೆ.”

ಒರೀಸ್ಯಾಳ ಅಡುಗೆಮನೆಯಲ್ಲಿ ಸ್ತೇಫಾ ಆಂಟಿ ಅವನನ್ನು ಕಂಡದ್ದೇ ಆಲೂಗಡ್ಡೆ ಬಿಟ್ಟು ಎದ್ದಳು. “ನಮ್ಮನೇಲಿ ಬೆಕ್ಕೊಂದೇ ಇದೆ, ನೋಡ್ಕೊಂಡು ಬರ್ತೀನಿ” ಎಂದು, ರಜಾಯಿ ಸರಿಸಿ ಹೊರಟುಬಿಟ್ಟಳು.

ಒರೀಸ್ಯಾ ಗುಡಾರದೊಳಗೆ ಕೈ ಹಾಕಿ ಆ ಲೋಟ ತೆಗೆದು, ಮೇಲಿನ ಜಾಮ್ ಬಾಟಲಿ ಎತ್ತಿದಳು. ಮಣ್ಣಿನಲ್ಲಿ ಬೆರಳುದ್ದದ ಒಂದು ಕಡ್ಡಿ, ಅದರ ತುದಿಯಲ್ಲಿ ಮೂರು ಪುಟ್ಟ ಎಲೆ.

“ಕದ್ದಿದ್ದೆ” ಎಂದಳು. “ಚಳಿ ಶುರುವಾಗೋ ಮೊದ್ಲು, ನಿಮ್ಮ ಗಿಡದಿಂದ. ಕೇಳಿ ತಗೊಂಡ್ರೆ ಬೇರು ಬಿಡಲ್ಲ, ಕದ್ದದ್ದೇ ಚಿಗುರೋದು ಅಂತ ಆಂಟಿ ಆಣೆ ಮಾಡಿ ಹೇಳಿದ್ರು. ನಿಮ್ಮ ಮನೆಯಿಂದ ಏನಾದ್ರೂ ಒಂದು ನನ್ನ ಹತ್ರ ಇರ್ಲಿ ಅನ್ನಿಸ್ತು. ಬೇರು ಬಿಟ್ಮೇಲೆ ಎಲ್ಲಾ ಹೇಳೋಣ ಅಂತ ದಿನಾ ಮುಂದೆ ಹಾಕ್ದೆ.”

ದೆಮ್ಯಾನ್ ಬಗ್ಗಿ ಮೂಸಿದ. ಮೂಸಿದವನು ತಲೆ ಎತ್ತಲೇ ಇಲ್ಲ. ಅವನ ಭುಜ ನಡುಗುತ್ತಿತ್ತು. ಒರೀಸ್ಯಾ ಅವನ ಒರಟು ಕೂದಲ ಮೇಲೆ ಕೈಯಿಟ್ಟಳು.

“ಇದನ್ನ ಈಗ ಒಯ್ಯೋ ಹಾಗಿಲ್ಲ” ಎಂದಳು. “ಸ್ಟೇಷನ್ ತಲುಪೋಷ್ಟರಲ್ಲಿ ಸಾಯುತ್ತೆ.”

“ಇಲ್ಲೇ ಇರ್ಲಿ. ಇದಕ್ಕೋಸ್ಕರನಾದ್ರೂ ವಾಪಸ್ ಬರಬೇಕಲ್ಲ.”

“ಇದಕ್ಕೋಸ್ಕರ ಮಾತ್ರ ಬರೋದಾದ್ರೆ ಬರಲೇಬೇಡಿ.”

ಅವನು ತಲೆಯೆತ್ತಿ ಒದ್ದೆ ಕಣ್ಣಲ್ಲೇ ನಕ್ಕ. ಮೆಟ್ಟಿಲ ಮೇಲೆ ನಕ್ಕಿದ್ದ ಅದೇ ನಗು. “ಒರೀಸ್ಯಾ, ನಿನಗೋಸ್ಕರ ಬರ್ತೀನಿ.”

ನಿನಗೋಸ್ಕರ! ಇಡೀ ಚಳಿಗಾಲ ‘ನೀವು’ ಎಂದವನು.

ಅವಳು ಮೂರರಲ್ಲಿ ದೊಡ್ಡ ಎಲೆಯನ್ನು ಚಿವುಟಿ, ಹತ್ತಿಯಲ್ಲಿ ಸುತ್ತಿ, ಅವನ ಅಂಗಿಯ ಒಳಜೇಬಿಗೆ ಹಾಕಿದಳು. “ಅಮ್ಮನ ಬೆರಳಿಗೆ ಇಷ್ಟು ಸಾಕು. ಗಿಡ ಚಿಕ್ಕದಾಗಿದೆ, ಆದ್ರೆ ಅದೇ ಅಂತ ಹೇಳು.”

“ಒರೀಸ್ಯಾ, ನಿಂಗೆ ತುಂಬಾ ಥ್ಯಾಂ…”

ಅವಳು ಸರಕ್ಕನೆ ಅಂಗೈಯಿಂದ ಅವನ ಬಾಯಿ ಮುಚ್ಚಿದಳು. “ಹೇಳ್ಬೇಡ! ಒಣಗಿಹೋಗುತ್ತೆ.”

ಅವನು ಹೇಳಲಿಲ್ಲ. ಆ ಅಂಗೈಗೇ ಒಡೆದ ತುಟಿಯೊತ್ತಿ, ಕಣ್ಣು ಮುಚ್ಚಿ ನಿಂತ. ಒಲೆಯ ಮೇಲಿನ ಕೆಟಲ್ ಕುದಿದು ಶಿಳ್ಳೆ ಹಾಕಿದರೂ ಇಬ್ಬರೂ ಕದಲಲಿಲ್ಲ.

ಅವನು ಹೋದ ಮೇಲೆ ಅವಳು ಲೋಟಕ್ಕೆ ಮತ್ತೆ ಬಾಟಲಿ ಮುಚ್ಚಿ, ಅದರ ಪಕ್ಕ ಬಿಸಿನೀರಿಟ್ಟು, ಗುಡಾರದ ಹೊದಿಕೆ ಎಳೆದಳು. ರೈಲು ಹೊರಡುವ ಹೊತ್ತಿಗೆ ಕರೆಂಟು ಬಂತು, ಫೋನು ಮಿನುಗಿತು. ಬೆರಳು ಅಭ್ಯಾಸದಂತೆ ಫೋಟೋ ಹುಡುಕಲು ಹೊರಟಿತ್ತು. ಮೆಸೇಜ್ ಓದಿ ನಿಂತಿತು.

‘ಒರೀಸ್ಯಾ ಹೇಗಿದ್ದಾಳೆ?’

ಅವಳು ಕಿಟಕಿಯ ರಟ್ಟು ತೆಗೆದಳು. ಟೋಪಿ, ಕೆಂಪಾದ ಮೂಗು, ಅತ್ತು ಊದಿದ ಕಣ್ಣು, ಬೆನ್ನ ಹಿಂದೆ ಬೋಳು ಮರದ ಮೇಲೆ ಬೀಳುತ್ತಿರುವ ಹಿಮ, ಎಲ್ಲವೂ ಕಾಣುವ ಹಾಗೆ ನಿಂತು ಒಂದು ಫೋಟೋ ತೆಗೆದು ಕಳಿಸಿದಳು.